ಸಣ್ಣಮ್ಮನ ಹೆಸರಿನ ನಾಲ್ಕು ಗಂಟೆ

ಇದು ಮೂರು ವರ್ಷಗಳ ಹಿಂದಿನ ಮಾತು. ಮೆಟ್ರೋ ಕೆಂಗೇರಿಯವರೆಗೆ ಓಡತೊಡಗಿ ಹೆಚ್ಚು ಕಾಲವಾಗಿರಲಿಲ್ಲ. ನಾನು ನಗರದ ಒಂದು ಪ್ರೈವೇಟ್ ಇಕ್ವಿಟಿ ಸಂಸ್ಥೆಯಲ್ಲಿ ಅಸೋಸಿಯೇಟ್ ಆಗಿದ್ದೆ. ಅಂದರೆ ಕೆಳಗಿನಿಂದ ಎರಡನೆಯ ಮೆಟ್ಟಿಲು. ನಮ್ಮ ಸಂಸ್ಥೆಯ ಕೆಲಸವನ್ನು ಅಮ್ಮನಿಗೆ ನಾನು ವಿವರಿಸಿದ್ದು ಹೀಗೆ: ವಿಮಾ ಕಂಪನಿ, ಪಿಂಚಣಿ ನಿಧಿಗಳಂಥ ದೊಡ್ಡವರಿಂದ ಹಣ ಪಡೆದು, ಇನ್ನೂ ಷೇರುಪೇಟೆಗೆ ಬಂದಿರದ ಕಂಪನಿಗಳಲ್ಲಿ ಪಾಲು ಕೊಳ್ಳುತ್ತೇವೆ. ಐದಾರು ವರ್ಷ ಅವುಗಳನ್ನು ಬೆಳೆಸುತ್ತೇವೆ, ಆಮೇಲೆ ನಮ್ಮ ಪಾಲನ್ನು ಮಾರುತ್ತೇವೆ. ಅಮ್ಮ ಎಲ್ಲವನ್ನೂ ಕೇಳಿ, "ಹಂಗಾದ್ರೆ ಯಾವ್ದೂ ನಿಮ್ದಲ್ಲ" ಎಂದಿದ್ದಳು.

ಆ ವರ್ಷ ನಮ್ಮ ಮುಂದೆ ಬಂದದ್ದು ಕ್ರೀಡೆ ಮತ್ತು ತಂತ್ರಜ್ಞಾನ ಎರಡನ್ನೂ ಹೆಸರಿನಲ್ಲೇ ಇಟ್ಟುಕೊಂಡಿದ್ದ ಒಂದು ಕಂಪನಿ. ಅದರ ಹೆಸರು ಇಲ್ಲಿ ಬೇಡ. ಪಶ್ಚಿಮ ಬೆಂಗಳೂರಿನಲ್ಲಿ ಓಡಾಡಿದವರಿಗೆ ತಗಡಿನ ಬ್ಯಾಡ್ಮಿಂಟನ್ ಶೆಡ್ಡುಗಳು ಹೊಸತಲ್ಲ. ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಸೈಟು ಬಿದ್ದು, ಮನೆ ಕಟ್ಟುವಷ್ಟು ಅವಸರವಿಲ್ಲದ ಮಾಲೀಕರು ಎತ್ತರದ ಶೆಡ್ ಹಾಕಿ, ಒಳಗೆ ಎರಡೋ ಮೂರೋ ಕೋರ್ಟು ಮಾಡಿ ಗಂಟೆಗಿಷ್ಟೆಂದು ಬಾಡಿಗೆಗೆ ಕೊಡುತ್ತಾರೆ. ಈ ಕಂಪನಿ ಕೆಂಗೇರಿಯಿಂದ ಹೇರೋಹಳ್ಳಿಯವರೆಗೆ ಅಂಥ ನಲವತ್ತೊಂದು ಶೆಡ್ಡುಗಳನ್ನು ಐದು ವರ್ಷದ ಕರಾರಿನ ಮೇಲೆ ತೆಗೆದುಕೊಂಡಿತ್ತು. ಬಾಗಿಲಿಗೆ ಸ್ಮಾರ್ಟ್ ಲಾಕ್ ಹಾಕಿ, ಆಟ ನೋಡಿ ತಪ್ಪು ಹೇಳುವ ಕ್ಯಾಮೆರಾಗಳನ್ನು ಗೋಡೆಗೆ ಕೂರಿಸಿ, ಎಲ್ಲವನ್ನೂ ಒಂದು ಆ್ಯಪ್‌ಗೆ ಜೋಡಿಸಿತ್ತು. ಆ್ಯಪ್‌ನಲ್ಲಿ ಬುಕ್ ಮಾಡಿದವರಿಗೆ ಕೋಡ್ ಬರುತ್ತದೆ. ಕೋಡ್ ಒತ್ತಿದರೆ ಬಾಗಿಲು ತೆರೆದು ದೀಪ, ಫ್ಯಾನು ಹತ್ತಿಕೊಳ್ಳುತ್ತವೆ. ಸಮಯ ಮುಗಿದರೆ ತಾವಾಗಿ ಆರುತ್ತವೆ. ಮಾಲೀಕನಿಗೆ ಬಂದದ್ದರಲ್ಲಿ ಒಂದು ಪಾಲು.

ಡ್ಯೂ ಡಿಲಿಜೆನ್ಸ್, ಅಂದರೆ ಹಣ ಹಾಕುವ ಮೊದಲು ಕಂಪನಿ ಹೇಳಿದ್ದೆಲ್ಲ ನಿಜವೇ ಎಂದು ಪರೀಕ್ಷಿಸುವ ಕೆಲಸ, ನನ್ನ ಪಾಲಿಗೆ ಬಂತು. ನನ್ನ ಮೇಲಧಿಕಾರಿ ರಾಘವ್ ಸರ್ ಕೊಟ್ಟ ಕಾರಣ ಸರಳವಾಗಿತ್ತು: "ನಿಮ್ಮನೆ ಮೂಡಲಪಾಳ್ಯ ಅಲ್ವಾ? ಆ ಸೈಡ್ ನಮ್ಮಲ್ಲಿ ಇನ್ಯಾರಿಗೂ ಗೊತ್ತಿಲ್ಲ." ಮೂವತ್ತು ದಿನಗಳ ಅವಧಿ. ಆ ಮೂವತ್ತು ದಿನ ಕಂಪನಿ ಬೇರೆ ಹೂಡಿಕೆದಾರರ ಜೊತೆ ಮಾತನಾಡುವಂತಿಲ್ಲ, ನಾವು ನೋಡಿದ್ದನ್ನು ಹೊರಗೆ ಯಾರಿಗೂ ಹೇಳುವಂತಿಲ್ಲ. ಈ ಎರಡನೆಯ ಷರತ್ತಿಗೆ ನಾನೂ ಬೇರೆಯಾಗಿ ಸಹಿ ಹಾಕಿದ್ದೆ.

ಕಂಪನಿಯ ದೊಡ್ಡ ಹೆಮ್ಮೆ ಯುಟಿಲೈಸೇಷನ್. ಶೆಡ್ ತೆರೆದಿರಬಹುದಾದ ನೂರು ಗಂಟೆಗಳಲ್ಲಿ ಎಪ್ಪತ್ತೆಂಟು ಗಂಟೆ ಬುಕ್ ಆಗಿರುತ್ತವೆ ಎನ್ನುವುದು ಅವರ ಲೆಕ್ಕ. ನಾನು ಬುಕಿಂಗ್ ದಾಖಲೆಯನ್ನು ಪೂರ್ತಿಯಾಗಿ ಇಳಿಸಿಕೊಂಡು, ಅತಿ ಹೆಚ್ಚು ಆಡುವವರ ಪಟ್ಟಿ ಮಾಡಿದೆ. ಆಫೀಸಿನಲ್ಲಿ ಕುಳಿತು ನಕ್ಕ ಕೆಲವೇ ಸಂದರ್ಭಗಳಲ್ಲಿ ಅದೂ ಒಂದು. ನಲವತ್ತೊಂದು ಶೆಡ್ಡುಗಳಲ್ಲಿ ಎಲ್ಲರಿಗಿಂತ ಹೆಚ್ಚು ಆಡುತ್ತಿದ್ದವರು ಹೇರೋಹಳ್ಳಿಯ ಸಣ್ಣಮ್ಮ, ವಯಸ್ಸು ಎಪ್ಪತ್ತೆರಡು. ಪ್ರತಿದಿನ ಮಧ್ಯಾಹ್ನ ಹನ್ನೆರಡರಿಂದ ಎರಡು, ಶಾಲೆಯಿರುವ ದಿನಗಳಲ್ಲಿ ಸಂಜೆ ನಾಲ್ಕರಿಂದ ಆರು. ಹಬ್ಬ ಹುಣ್ಣಿಮೆಯೆಂದು ಒಂದು ದಿನವೂ ತಪ್ಪಿಸಿದವರಲ್ಲ. ಎರಡನೆಯ ಸ್ಥಾನದಲ್ಲಿ ಕೆಂಗೇರಿಯ ಒಬ್ಬ ಮುನಿಯಮ್ಮ. ನಾಲ್ಕನೆಯ ಸ್ಥಾನದಲ್ಲಿದ್ದದ್ದು ಮನುಷ್ಯರಲ್ಲ, ಒಂದು ಮನೆದೇವರು.

ಗುಟ್ಟು ಬೇಗ ಸಿಕ್ಕಿತು. ಶುಚಿಗೊಳಿಸಲು, ರಿಪೇರಿಗೆ ಎಂದು ಮಾಲೀಕರು ಕೆಲವು ಗಂಟೆಗಳನ್ನು ತಮ್ಮ ಖಾತೆಯಿಂದ ತಡೆದಿಟ್ಟುಕೊಳ್ಳಬಹುದಿತ್ತು. ಅದಕ್ಕೆ 'ಓನರ್ ಬ್ಲಾಕ್' ಎಂದು ಹೆಸರು. ಕಂಪನಿಯ ತಂತ್ರಾಂಶ ಅದನ್ನೂ ಬುಕಿಂಗ್ ಎಂದೇ ಎಣಿಸುತ್ತಿತ್ತು. ಅವುಗಳನ್ನು ತೆಗೆದರೆ ಎಪ್ಪತ್ತೆಂಟು ಗಂಟೆ ಅರವತ್ತೊಂದಕ್ಕೆ ಇಳಿಯುತ್ತಿತ್ತು.

ಸೋಮವಾರ ನಾನು ಎರಡು ಪುಟದ ಟಿಪ್ಪಣಿ ಬರೆದೆ. ಕಂಡದ್ದನ್ನು ಬರೆದು ನಿಲ್ಲಿಸಬಹುದಿತ್ತು. ಆದರೆ ಕಂಡದ್ದನ್ನಷ್ಟೇ ಬರೆದವರು ಗುಮಾಸ್ತರು, ಪರಿಹಾರ ಬರೆದವರು ಹೂಡಿಕೆದಾರರು ಎಂದು ನಮ್ಮಲ್ಲಿ ಹೇಳಿಕೊಡುತ್ತಿದ್ದರು. ಹಾಗಾಗಿ ಕೊನೆಗೆ ಒಂದು ವಾಕ್ಯ ಸೇರಿಸಿದೆ: "ಬ್ಲಾಕ್ ಮಾಡುವ ಅಧಿಕಾರವನ್ನು ಮಾಲೀಕರಿಂದ ಹಿಂಪಡೆದು, ಆ ಗಂಟೆಗಳನ್ನು ಮಾರಾಟಕ್ಕೆ ತೆರೆಯುವುದು ಸೂಕ್ತ." ರಾಘವ್ ಸರ್ ಅದನ್ನು ಓದಿ ನನ್ನ ಮೇಜಿನ ಬಳಿಗೇ ಬಂದರು. "ಸೂಪರ್, ಮಾನಸ. ಪ್ರಾಬ್ಲಮ್ಮೂ ನೀವೇ ಹಿಡಿದ್ರಿ, ಗ್ರೋಥ್ ಸ್ಟೋರಿನೂ ನೀವೇ ಕೊಟ್ರಿ." ಎರಡು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಆ ದಿನ ಮನೆಗೆ ಹೋಗುವಾಗ ನನಗೆ ಖುಷಿಯಾಗಿತ್ತು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಶೆಡ್ಡುಗಳ ಭೇಟಿ ಇದ್ದದ್ದು ಗುರುವಾರ. ಅದೊಂದು ಶಾಸ್ತ್ರ. ಕಟ್ಟಡ ಇದೆಯೇ, ಕೋರ್ಟುಗಳ ಸಂಖ್ಯೆ ಸರಿಯೇ ಎಂದು ನೋಡಿ ಫೋಟೋ ತೆಗೆದುಕೊಂಡು ಬರುವುದು. ಹೇರೋಹಳ್ಳಿಯ ಶೆಡ್ ತಲುಪಿದಾಗ ಹನ್ನೊಂದೂವರೆ. ರಸ್ತೆ ಅಗೆದಿದ್ದರಿಂದ ಆಟೋದವನು ದೂರದಲ್ಲೇ ಇಳಿಸಿದ್ದ. ಶೆಡ್ಡಿನ ಮುಂದೆ, ಬಿಸಿಲಿನಲ್ಲಿ, ಐವತ್ತರ ಆಸುಪಾಸಿನ ಒಬ್ಬರು ಮೊಬೈಲ್ ಹಿಡಿದು ನಿಂತಿದ್ದರು. ಅವರ ಪಕ್ಕದ ಕಲ್ಲಿನ ಮೇಲೆ ಒಬ್ಬ ಅಜ್ಜಿ ಪೊರಕೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಅವರು ಮಾಲೀಕರಾದ ಚನ್ನಪ್ಪ ಮತ್ತು ಅವರ ತಾಯಿ, ನನ್ನ ಪಟ್ಟಿಯ ಮೊದಲ ಆಟಗಾರ್ತಿ, ಸಣ್ಣಮ್ಮ.

ಫಂಡ್‌ನವರು ಎಂದು ಪರಿಚಯ ಹೇಳಿಕೊಂಡು, ಒಳಗೆ ನೋಡಬಹುದೇ ಎಂದು ಕೇಳಿದೆ.

"ನೋಡ್ಬೌದು, ಹನ್ನೆರಡಾಗ್ಲಿ ತಡೀರಿ," ಎಂದರು ಚನ್ನಪ್ಪ. "ಯಾರೋ ಪುಣ್ಯಾತ್ಮ ಹನ್ನೊಂದಕ್ಕೆ ಬುಕ್ ಮಾಡವ್ನೆ, ಬಂದಿಲ್ಲ. ಅವ್ನ ಟೈಮ್ ಮುಗಿಯೋಗಂಟ ನನ್ ಬಾಗ್ಲು ನಂಗೆ ತೆಗಿಯಲ್ಲ."

"ನಿಮ್ಮ ಹತ್ರ ಬೇರೆ ಕೀ ಇಲ್ವಾ?"

"ಕೀ ಹಾಕಕ್ಕೆ ತೂತಾದ್ರೂ ಇರ್ಬೇಕಲ್ಲಮ್ಮ ಬಾಗ್ಲಲ್ಲಿ!"

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಲ್ಲಾಯ್ತವ್ವ ನಿಮ್ಮೂರು?" ಎಂದರು. ಮೂಡಲಪಾಳ್ಯ ಎಂದೆ. "ಪಕ್ಕದವ್ಳೇ ಬಿಡು. ಬಾ, ಈ ಕಡೆ ನೆಳ್ಳಲ್ಲಿ ಕೂತ್ಕೊ. ನಮ್ ಮನೆಗೆ ನಾವೇ ನೆಂಟ್ರಾದ್ವಿ, ನಿನ್ನೇನ್ ಕೇಳಾದು."

ಹನ್ನೆರಡಕ್ಕೆ ಸರಿಯಾಗಿ ಚನ್ನಪ್ಪನವರ ಮೊಬೈಲಿಗೆ ಕೋಡ್ ಬಂತು. ಶೆಡ್ಡಿನ ಖಾತೆ ತಾಯಿಯ ಹೆಸರಿನಲ್ಲಿದ್ದುದರಿಂದ ಆ್ಯಪ್‌ನಲ್ಲಿ ಮಾಲೀಕರೆಂದು ನಮೂದಾಗಿದ್ದವರೂ ಸಣ್ಣಮ್ಮನೇ. ಒಳಗೆ ಹೋದವರೇ ಚನ್ನಪ್ಪ ಎರಡೂ ಬದಿಯ ಶಟರ್‌ಗಳನ್ನು ಎತ್ತಿದರು. ಸಣ್ಣಮ್ಮ ಗುಡಿಸತೊಡಗಿದರು. ನಾನು ಫೋಟೋ ತೆಗೆಯುವಾಗ ಚನ್ನಪ್ಪ ಹಸಿರು ಮ್ಯಾಟಿನ ಒಂದು ಅಂಚನ್ನು ಎತ್ತಿ ತೋರಿಸಿದರು. ಕೆಳಗೆ ಮರದ ಹಲಗೆ.

"ಸಿಮೆಂಟ್ ಮೇಲೆ ಆಡಿದ್ರೆ ಮಕ್ಳ ಮಂಡಿ ಹೋಯ್ತದೆ ಅಂತ ಮರ ಹಾಕ್ಸಿದೆ ಕಣಮ್ಮ. ಬಾಗ್ಲು ಮುಚ್ಚೇ ಇದ್ರೆ ಬೆವ್ರಿನ ತೇವ ಎಲ್ಲಾ ಕೆಳಿಕ್ಕಿಳ್ದು ಹಲಗೆ ಉಬ್ಕೊತದೆ. ದಿನಾ ಎರಡ್ ಗಂಟೆ ಬಿಸ್ಲೊತ್ನಲ್ಲಿ ಗಾಳಿ ಬಿಡ್ಲೇಬೇಕು. ಇವ್ರ ಆ್ಯಪ್‌ನಲ್ಲಿ ಗಾಳಿಗೆ ಬುಕಿಂಗ್ ಇಲ್ಲ. ಅದ್ಕೆ ನಮ್ಮವ್ವನ್ ಹೆಸ್ರಲ್ಲಿ ಮಾಡ್ಕೊತೀನಿ."

"ಸಂಜೆ ನಾಲ್ಕು ಗಂಟೆದು?"

ಅವರು ನಕ್ಕರು. "ಅದ್ನ ಸಂಜೆನೇ ಬಂದು ನೋಡಿ."

ಎರಡು ಗಂಟೆಗೆ ದೀಪಗಳು ಒಮ್ಮೆಲೇ ಆರಿದವು. ಶಟರ್ ಆಗಲೇ ಇಳಿಸಿದ್ದರಿಂದ ಶೆಡ್ಡಿನೊಳಗೆ ಕಗ್ಗತ್ತಲು. ಬಾಗಿಲು ಎಲ್ಲಿದೆ ಎಂದು ನನಗೆ ತಿಳಿಯಲಿಲ್ಲ. ಅಜ್ಜಿಯ ಕೈ ನನ್ನ ಮೊಣಕೈ ಹಿಡಿಯಿತು. "ನಮ್ ಟೇಮ್ ಆಯ್ತಂತೆ, ನಡಿಯವ್ವ" ಎಂದರು. ಆ ಕತ್ತಲಲ್ಲಿ ಹತ್ತು ಹೆಜ್ಜೆ ನಡೆದದ್ದು ಈಗಲೂ ನೆನಪಿದೆ.

ಚಂದ್ರಾ ಲೇಔಟ್ ಹತ್ತಿರದ ಇನ್ನೊಂದು ಶೆಡ್ ನೋಡಿಕೊಂಡು ನಾಲ್ಕಕ್ಕೆ ಮರಳಿದೆ. ಒಳಗೆ ಹದಿನಾಲ್ಕು ಹುಡುಗಿಯರು. ಪಕ್ಕದ ರಸ್ತೆಯ ಸರ್ಕಾರಿ ಪ್ರೌಢಶಾಲೆಯವರು, ಯೂನಿಫಾರ್ಮಿನ ಕೆಳಗೆ ಟ್ರ್ಯಾಕ್ ಪ್ಯಾಂಟ್. ಅವರಿಗೆ ಆಟ ಕಲಿಸುತ್ತಿದ್ದವರು ಆ ಶಾಲೆಯ ಪಿ.ಟಿ. ಟೀಚರ್ ಸರೋಜಾ. ಶಾಲೆಗೆ ಮೈದಾನವಿಲ್ಲ. ಚನ್ನಪ್ಪ ಅದೇ ಶಾಲೆಯಲ್ಲಿ ಓದಿದವರು. ಶೆಡ್ ಕಟ್ಟಿದ ವರ್ಷದಿಂದ ಸಂಜೆಯ ಎರಡು ಗಂಟೆ ಈ ಮಕ್ಕಳಿಗೆಂದು ಬಿಟ್ಟಿದ್ದರು. ಕಂಪನಿ ಬಂದ ಮೇಲೂ ತಾಯಿಯ ಹೆಸರಿನಲ್ಲಿ ಅದನ್ನು ನಡೆಸಿಕೊಂಡು ಬಂದಿದ್ದರು.

"ಏಯ್ ಕಾವ್ಯ, ಶಟಲ್ ಹೊಡಿ ಅಂದ್ರೆ ಸೊಳ್ಳೆ ಹೊಡಿತೀಯಲ್ಲೇ!" ಎಂದು ಸರೋಜಾ ಮಿಸ್ ಕೂಗುತ್ತಿದ್ದರು. ಆ ಹುಡುಗಿ, "ಮಿಸ್, ಸೊಳ್ಳೆನೇ ಜಾಸ್ತಿ ಬರ್ತಿದೆ ಮಿಸ್" ಎಂದಳು. ಎಲ್ಲರೂ ನಕ್ಕರು. ಮೂಡಲಪಾಳ್ಯದ ನಮ್ಮ ಬೀದಿಯಲ್ಲಿ ಲೈಟ್ ಕಂಬಕ್ಕೂ ಎದುರು ಮನೆಯ ಗೇಟಿಗೂ ಹಗ್ಗ ಕಟ್ಟಿ, ಬೈಕು ಬಂದಾಗಲೆಲ್ಲ ಎತ್ತಿ ಹಿಡಿದು ನಾವು ಆಡುತ್ತಿದ್ದೆವು. ಅದು ನೆನಪಾಯಿತು. ಆದರೆ ನನ್ನ ಟಿಪ್ಪಣಿಯ ಕೊನೆಯ ವಾಕ್ಯವೇ ತಲೆಯಲ್ಲಿ ತಿರುಗುತ್ತಿತ್ತು.

ಹೊರಡುವಾಗ ಚನ್ನಪ್ಪ ರಸ್ತೆಯ ತಿರುವಿನವರೆಗೆ ಬಂದರು. ಕರಾರು ಮುಗಿಯಲು ಇನ್ನೂ ಮೂರೂವರೆ ವರ್ಷವಿತ್ತು, ನಡುವೆ ಬಿಟ್ಟರೆ ದಂಡ. 'ಕಾರ್ಯಾಚರಣೆಯ ನಿಯಮಗಳನ್ನು ಕಂಪನಿ ಬದಲಿಸಬಹುದು' ಎಂದು ಅದರ ಹನ್ನೊಂದನೆಯ ಪುಟದಲ್ಲಿತ್ತು. ಅದನ್ನು ನಾನು ಓದಿದ್ದೆ, ಅವರು ಓದಿರಲಿಲ್ಲ.

"ನೀವು ದುಡ್ಡು ಹಾಕ್ತೀರ ಅಂತಾರೆ. ಹಾಕಿ, ಒಳ್ಳೇದಾಗ್ಲಿ. ನಮ್ಮವ್ವನ್ ಟೈಮ್‌ಗೇನೂ ತೊಂದ್ರೆ ಆಗಲ್ಲ ತಾನೆ?"

"ಅದನ್ನ ನಾನು ಹೇಳೋ ಹಾಗಿಲ್ಲ" ಎಂದೆ.

"ಸರಿ ಬಿಡಿ. ದೊಡ್ಡೋರ್ ವಿಚಾರ. ನಿಮ್ ನಂಬರ್ ಕೊಟ್ಟೋಗಿ." ಕಾರ್ಡ್ ಕೊಟ್ಟೆ.

ಮರುದಿನ ರಾಘವ್ ಸರ್ ಕೋಣೆಗೆ ಹೋಗಿ ಆ ವಾಕ್ಯವನ್ನು ಹಿಂತೆಗೆದುಕೊಳ್ಳಬೇಕೆಂದಿದ್ದೇನೆ ಎಂದೆ. ಅವರು ಅರ್ಥವಾಗದವರಂತೆ ನೋಡಿದರು. ಟಿಪ್ಪಣಿ ಆಗಲೇ ವಕೀಲರ ಬಳಿ ಹೋಗಿತ್ತು. ಹಣ ಬಿಡುಗಡೆಯಾಗುವ ಮೊದಲು ಕಂಪನಿ ಪೂರೈಸಬೇಕಾದ ಷರತ್ತುಗಳ ಪಟ್ಟಿಯಲ್ಲಿ ಅದು ಏಳನೆಯದಾಗಿ ಕುಳಿತಿತ್ತು. ಹೆಚ್ಚೂ ಕಡಿಮೆ ನನ್ನದೇ ಪದಗಳಲ್ಲಿ.

ನಾನು ಕಂಡದ್ದನ್ನು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಕೆಟ್ಟ ಮನುಷ್ಯರಲ್ಲ ಅವರು.

"ನೋಡಿ ಮಾನಸ, ಅರವತ್ತೊಂದಕ್ಕೆ ಈ ಡೀಲ್ ನಿಲ್ಲಲ್ಲ. ಆ ಗಂಟೆಗಳು ಮಾರಾಟಕ್ಕೆ ಬರುತ್ತೆ ಅಂತಾನೇ ಹಣ ಹಾಕೋಕೆ ನಮ್ಮ ಕಮಿಟಿ ಒಪ್ಪಿರೋದು. ಡೀಲ್ ಬಿದ್ರೆ ಕಂಪನಿ ಆರು ತಿಂಗಳೂ ಉಳಿಯಲ್ಲ. ಆಗ ನಿಮ್ಮ ಚನ್ನಪ್ಪನಿಗೆ ಬಾಡಿಗೆ ಪಾಲೂ ಇಲ್ಲ, ಬಾಗಿಲಿಗೆ ಲಾಕ್ ಮಾತ್ರ ಇರುತ್ತೆ."

"ಆದರೆ ಸರ್, ಅದು ನಾನು ನೋಡದೆ ಬರೆದದ್ದು."

"ಬರೆದದ್ದು ಸರಿಯಾಗೇ ಇದೆಯಲ್ಲ."

ಅದೇ ತೊಡಕು. ವಾಕ್ಯದಲ್ಲಿ ಸುಳ್ಳಿರಲಿಲ್ಲ. ಅದನ್ನು ತೆಗೆದೂ ಡೀಲ್ ಉಳಿಯಬೇಕೆಂದರೆ ನಾನು ಕಂಡುಹಿಡಿದ ಅರವತ್ತೊಂದನ್ನೂ ಮುಚ್ಚಿಡಬೇಕು. ಅದು ನಮ್ಮನ್ನು ನಂಬಿ ಹಣ ಕೊಟ್ಟವರಿಗೆ ಮಾಡುವ ಮೋಸ. ಚನ್ನಪ್ಪನವರಿಗೆ ಮೊದಲೇ ತಿಳಿಸಿದರೆ ಸಹಿ ಹಾಕಿದ ಮಾತು ಮುರಿದಂತೆ. ಕೆಲಸ ಬಿಟ್ಟರೆ ನನ್ನ ಮನಸ್ಸಿಗೆ ನೆಮ್ಮದಿ ಸಿಗಬಹುದಿತ್ತು, ಏಳನೆಯ ಷರತ್ತು ಅಲ್ಲೇ ಇರುತ್ತಿತ್ತು. ಮನೆಯಲ್ಲಿ ಅಮ್ಮ, "ಯಾಕೇ, ಊಟ ಸೇರ್ತಿಲ್ವಾ?" ಎಂದು ಕೇಳಿದಾಗ ಆಫೀಸಿನಲ್ಲಿ ಕೆಲಸ ಜಾಸ್ತಿ ಎಂದೆ. ಅವಳಿಗೂ ಹೇಳುವಂತಿರಲಿಲ್ಲ. ಹನ್ನೆರಡು ದಿನ ನಾನು ಬೇರೆ ಕಡತಗಳ ನಡುವೆ ಆ ಒಂದು ಸಾಲಿನ ಸುತ್ತಲೇ ಸುತ್ತುತ್ತಿದ್ದೆ. ಅದಕ್ಕೆ ಬಾಗಿಲು ಎಲ್ಲಿದೆ ಎಂದು ಹುಡುಕುತ್ತಿದ್ದೆ. ಅದನ್ನು ಮುಚ್ಚಿದವಳೂ ನಾನೇ ಆಗಿದ್ದೆ.

ಹದಿಮೂರನೆಯ ದಿನ ಸಿಕ್ಕಿದ್ದು ಮರದ ನೆಲ ಹಾಕಿಕೊಟ್ಟವರ ಗ್ಯಾರಂಟಿ ಪತ್ರ. ಕಂಪನಿ ನಮಗೆ ಕೊಟ್ಟ ನೂರಾರು ದಾಖಲೆಗಳ ಕೊನೆಯಲ್ಲಿ, ಯಾರೂ ತೆರೆಯದ ಒಂದು ಕಡತದಲ್ಲಿತ್ತು. ದಿನಕ್ಕೆ ಕನಿಷ್ಠ ಎರಡು ಗಂಟೆ, ಬಿಸಿಲಿನ ಹೊತ್ತಿನಲ್ಲಿ, ಶಟರ್ ತೆರೆದು ಗಾಳಿಯಾಡಿಸದಿದ್ದರೆ ಗ್ಯಾರಂಟಿ ಅನ್ವಯಿಸುವುದಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಚನ್ನಪ್ಪ ಮ್ಯಾಟ್ ಎತ್ತಿ ತೋರಿಸಿದ್ದು ಇದನ್ನೇ. ನಲವತ್ತೊಂದರಲ್ಲಿ ಹದಿಮೂರು ಶೆಡ್ಡುಗಳಿಗೆ ಮರದ ನೆಲವಿತ್ತು. ನಾನು ಹೊಸ ಟಿಪ್ಪಣಿ ಬರೆದೆ: ಮರದ ನೆಲವಿರುವಲ್ಲಿ ದಿನವೂ ಹನ್ನೆರಡರಿಂದ ಎರಡರವರೆಗೆ 'ನಿರ್ವಹಣಾ ಅವಧಿ'. ಬಾಗಿಲು ಮಾಲೀಕರ ಕೈಯಲ್ಲಿ, ಬುಕಿಂಗ್ ಇಲ್ಲ, ಎಣಿಕೆಯಲ್ಲೂ ಇಲ್ಲ. ಸಂಜೆಯ ಎರಡು ಗಂಟೆ ಶಾಲೆಗೆ ಬಿಡಬೇಕೆಂದು ಇನ್ನೊಂದು ಸಾಲನ್ನೂ ಸೇರಿಸಿದೆ.

ರಾಘವ್ ಸರ್ ಮೊದಲನೆಯದಕ್ಕೆ ಒಪ್ಪಿದರು. ಮಧ್ಯಾಹ್ನ ಹೇಗೂ ಯಾರೂ ಆಡುವುದಿಲ್ಲ, ನೆಲ ಹಾಳಾದರೆ ಖರ್ಚು. ಎರಡನೆಯದರ ಮೇಲೆ ಪೆನ್ನಿನಿಂದ ಗೆರೆ ಎಳೆದರು. "ಇದಕ್ಕೆ ಕಾರಣ ತನ್ನಿ, ಹಾಕ್ತೀನಿ" ಎಂದರು. ಕಮಿಟಿಗೆ ಕೊಡಬಹುದಾದ ಕಾರಣ ನನ್ನ ಬಳಿ ಇರಲಿಲ್ಲ. ಹದಿನಾಲ್ಕು ಹುಡುಗಿಯರಿದ್ದರು, ಅಷ್ಟೇ.

ಮೂವತ್ತನೆಯ ದಿನ ಸಹಿಗಳಾದವು. ಆಫೀಸಿನಲ್ಲಿ ಕೇಕ್ ಕತ್ತರಿಸಿದರು, ನನಗೂ ಒಂದು ತುಂಡು ಬಂತು.

ಎರಡು ತಿಂಗಳ ಮೇಲೆ, ಒಂದು ಮಧ್ಯಾಹ್ನ, ಚನ್ನಪ್ಪನವರ ಫೋನ್ ಬಂತು. ಹಿಂದೆ ಶಟಲ್ ಹೊಡೆಯುವ ಸದ್ದು, ಹುಡುಗಿಯರ ಕೂಗು.

"ಮೂಡಲಪಾಳ್ಯದಮ್ಮ, ನಾನು ಹೇರೋಹಳ್ಳಿ ಚನ್ನಪ್ಪ. ಬಿಜಿ ಇದೀರಾ?"

ಇಲ್ಲ, ಹೇಳಿ ಎಂದೆ.

"ಸಂಜೆ ಟೈಮ್ ಕಿತ್ಕೊಂಡ್ಬಿಟ್ರು ಕಣಮ್ಮ. ಮಕ್ಳು ಬ್ಯಾಗ್ ಹಾಕ್ಕೊಂಡ್ ಬಂದು ಬಾಗ್ಲಲ್ ನಿಂತವೆ, ಕೋಡೇ ಬರ್ಲಿಲ್ಲ. ಎರಡ್ ದಿನ ಹಂಗೇ ವಾಪಸ್ ಕಳಿಸ್ದೆ. ಯಾವನೋ ಮನೆಹಾಳ ಎ.ಸಿ. ರೂಮಲ್ಲಿ ಕೂತ್ಕೊಂಡು ಬರ್ದವ್ನೆ." ಅವರು ಉಸಿರು ತೆಗೆದುಕೊಂಡರು. "ಆದ್ರೆ ಅದ್ರಲ್ಲೇ ಯಾರೋ ಒಬ್ರು ಪುಣ್ಯಾತ್ಮರು ಇದ್ದಂಗವ್ರೆ. ಮಧ್ಯಾಹ್ನದ್ದು ಗಾಳಿಗೆ ಅಂತ ಬಿಟ್ಟವ್ರೆ. ಈಗ ಸರೋಜಾ ಮಿಸ್ಸು ಊಟದ್ ಬೆಲ್ಲಿಗೆ ಮಕ್ಳನ್ನ ಕರ್ಕೊಂಡ್ ಬತ್ತಾರೆ. ಊಟ ಮಾಡಿ ನಲ್ವತ್ ನಿಮಿಷ ಸಿಕ್ತದೆ. ಫ್ಯಾನ್ ಓಡಲ್ಲ, ಲೈಟ್ ಬರಲ್ಲ. ಶಟರ್ ಬೆಳಕಲ್ಲೇ ಆಡ್ತವೆ. ನೀವ್ ಬಂದಿದ್ರಲ್ಲ, ನಿಮ್ಗೇನಾದ್ರು ಗೊತ್ತಾ, ಯಾರು ಅಂತ?"

ಅಜ್ಜಿ ಪಕ್ಕದಿಂದ ಏನೋ ಹೇಳಿದ್ದು ಕೇಳಿಸಿತು. "ನಮ್ಮವ್ವ ಹೇಳ್ತಾವ್ಳೆ, ಆ ಪುಣ್ಯಾತ್ಮರಿಗೆ ಒಂದ್ಸಲಿ ಕರ್ದು ಊಟ ಹಾಕ್ಬೇಕಂತೆ. ಇನ್ನೊಬ್ಬನ್ಗೆ ಪೊರ್ಕೆ ಮಡಗವ್ಳಂತೆ."

ಇಬ್ಬರೂ ನಾನೇ ಎಂದು ಹೇಳುವಂತಿರಲಿಲ್ಲ. "ಗೊತ್ತಿಲ್ಲ" ಎಂದೆ. ಆ ವರ್ಷ ನಾನು ಕೆಲಸದಲ್ಲಿ ಹೇಳಿದ ಒಂದೇ ಸುಳ್ಳು ಅದು.

ಆ ಹೂಡಿಕೆ ಚೆನ್ನಾಗಿಯೇ ನಡೆಯುತ್ತಿದೆ. ಸಿಮೆಂಟ್ ನೆಲದ ಇಪ್ಪತ್ತೆಂಟು ಶೆಡ್ಡುಗಳಲ್ಲಿ ಮಾಲೀಕರ ಗಂಟೆಗಳು ಹೋದವು. ಅಲ್ಲಿ ಮುನಿಯಮ್ಮನ ಹೆಸರಿನಲ್ಲಿ, ಆ ಮನೆದೇವರ ಹೆಸರಿನಲ್ಲಿ ಯಾರು ಆಡುತ್ತಿದ್ದರೋ ನಾನು ಹೋಗಿ ನೋಡಲಿಲ್ಲ. ನೋಡಿದ್ದರೂ ಅವರಿಗೆ ಕೊಡಲು ನನ್ನ ಬಳಿ ಗ್ಯಾರಂಟಿ ಪತ್ರವಿರಲಿಲ್ಲ.

ಈಗ ನನ್ನ ಕೆಳಗೆ ಇಬ್ಬರು ಹೊಸಬರಿದ್ದಾರೆ. ಅವರು ಟಿಪ್ಪಣಿ ತಂದಾಗ ನಾನು ಕೊನೆಯ ವಾಕ್ಯವನ್ನು ಮೊದಲು ಓದುತ್ತೇನೆ. ಅಲ್ಲಿ ಪರಿಹಾರ ಇದ್ದರೆ, ಜಾಗ ನೋಡಿ ಬಂದಿರಾ ಎಂದು ಕೇಳುತ್ತೇನೆ. ಇಲ್ಲವೆಂದರೆ ಆ ವಾಕ್ಯವನ್ನು ಅಳಿಸಿ ಉಳಿದದ್ದನ್ನು ಮುಂದಕ್ಕೆ ಕಳಿಸುತ್ತೇನೆ. ಕಂಡದ್ದನ್ನು ತಪ್ಪಾಗಿ ಬರೆದರೆ ನಾಳೆ ತಿದ್ದಬಹುದು. ಮಾಡಬೇಕಾದದ್ದನ್ನು ನೋಡದೆ ಬರೆದರೆ, ಅದು ಸರಿಯಾಗಿದ್ದರೂ, ತಿದ್ದಲು ನಮಗೆ ಮತ್ತೆ ಬಾಗಿಲು ತೆರೆಯುವುದಿಲ್ಲ. ನಾನು ಹೀಗೇಕೆ ಮಾಡುತ್ತೇನೆಂದು ಆ ಇಬ್ಬರಿಗೂ ಗೊತ್ತಿಲ್ಲ. ಮೇಡಂ ಸ್ವಲ್ಪ ಹಳೇ ಕಾಲದವರು ಎಂದುಕೊಂಡಿದ್ದಾರೆ. ನನಗಿನ್ನೂ ಮೂವತ್ತೊಂದು.